ಮಾತೇ ಇಲ್ಲದ ಡಬ್ ಸಂಗೀತದಲ್ಲಿ ಕಪ್ಪು ಜನರ ಗುರುತು ಎಲ್ಲಿದೆ?

ಡಬ್ ಅಂದರೆ ಹಾಡಿನ ದನಿಯನ್ನು ಬಹುಪಾಲು ತೆಗೆದು ತಾಳ ಉಳಿಸುವ ಜಮೈಕಾದ ಸಂಗೀತ. ಹಾಡಿನಲ್ಲಾದರೆ ಮಾತಿರುತ್ತದೆ, ಬರೀ ಸದ್ದಿನಲ್ಲಿ ಒಂದು ಜನಾಂಗದ ಗುರುತು ಹೇಗೆ ಸಿಗುತ್ತದೆ ಅಂತ ಕೇಳಿದ್ದೀರಿ. ನಾನು ವಿದ್ವಾಂಸನಲ್ಲ. ನಮ್ಮ ಮಾವನದು ಮೈಕ್ ಸೆಟ್ ಅಂಗಡಿ. ಜಾತ್ರೆ, ಮದುವೆಗೆ ಬಾಕ್ಸ್ ಹೊತ್ತು ಬೆಳೆದವನು. ಹಾಗಾಗಿ ಬಾಕ್ಸಿನಿಂದಲೇ ಶುರು ಮಾಡುತ್ತೇನೆ.

ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1950ರ ದಶಕದ ಸೌಂಡ್ ಸಿಸ್ಟಂ ಅಂದರೆ ಹೆಚ್ಚು ಕಡಿಮೆ ನಮ್ಮ ಮೈಕ್ ಸೆಟ್ಟೇ. ಬಯಲಲ್ಲಿ ದೊಡ್ಡ ಬಾಕ್ಸುಗಳು, ಆಂಪ್ಲಿಫೈಯರ್, ಒಂದಷ್ಟು ರೆಕಾರ್ಡು. ಬಡವರ ಕುಣಿತ ಅದು. ಅಲ್ಲಿ ಇಂಥ ಸಾಮಾನು ರಿಪೇರಿ ಮಾಡುತ್ತಿದ್ದ ಆಸ್ಬೋರ್ನ್ ರಡಕ್, ಅಂದರೆ ಕಿಂಗ್ ಟಬ್ಬಿ, 1970ರ ದಶಕದಲ್ಲಿ ಬೇರೆಯವರ ರೆಗ್ಗೆ (ಜಮೈಕಾದ ಜನಪ್ರಿಯ ಸಂಗೀತ) ಹಾಡುಗಳನ್ನು ನಾಲ್ಕು ಟ್ರ್ಯಾಕಿನ ಮಿಕ್ಸರಿನಲ್ಲಿ ಬಿಚ್ಚತೊಡಗಿದ. ಹಾಡುವವನ ದನಿ ಒಂದು ಸಾಲು ಬರುತ್ತದೆ. ದನಿ ಏರಿಸಿ ಇಳಿಸುವ ಫೇಡರ್ ಇಳಿಯುತ್ತದೆ. ಕೊನೇ ಪದ ಮಾತ್ರ ಪ್ರತಿಧ್ವನಿಯಾಗಿ ದೂರ ದೂರ ಹೋಗುತ್ತದೆ. ಉಳಿಯುವುದು ಡ್ರಮ್ಮು, ಬೇಸ್ ಅಷ್ಟೇ. ಅದೇ ಡಬ್.

ನನಗೆ ಗುರುತು ಕೇಳಿಸುವುದು ಆ ಖಾಲಿ ಜಾಗದಲ್ಲಿ. ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ತುಂಬಿ ತಂದ ಜನರಿಂದ ಭಾಷೆ, ಹೆಸರು ಎಲ್ಲ ಕಿತ್ತುಕೊಂಡರು. ತಾಳ ಉಳಿಯಿತು. ನಮ್ಮ ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿಗಳೂ ಮನೆಯಲ್ಲಿ ಕೊಂಕಣಿ ಆಡುತ್ತಾರೆ, ಆದರೆ ಡಮಾಮಿ ಬಡಿಯುತ್ತಾರೆ ಅಲ್ವಾ? ಇದು ಟಬ್ಬಿ ಹೇಳಿದ್ದಲ್ಲ, ನನಗೆ ಅನ್ನಿಸಿದ್ದು. ಆತನಿಗೆ ಜನ ಕುಣಿದರೆ ಸಾಕಿತ್ತೇನೋ.

ಈ ಬಾಕ್ಸುಗಳು ಜನರ ಜೊತೆಗೇ ವಲಸೆ ಹೋದವು. ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಡಿಜೆ ಕೂಲ್ ಹರ್ಕ್ 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಪಾರ್ಟಿ ಮಾಡಿದ, ಅಲ್ಲಿಂದ ಹಿಪ್ ಹಾಪ್ ಬೆಳೆಯಿತು. ಆ ಕಥೆ ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಇಷ್ಟ ಇಂಗ್ಲೆಂಡಿನದು. 1948ರಲ್ಲಿ ಜಮೈಕಾ ಕಡೆಯಿಂದ ವಿಂಡ್‌ರಶ್ ಹಡಗಿನಲ್ಲಿ ಬಂದವರಿಗೂ ಆಮೇಲೆ ಬಂದವರಿಗೂ ಎಷ್ಟೋ ಕ್ಲಬ್ಬುಗಳು ಬಣ್ಣ ನೋಡಿ ಬಾಗಿಲು ಹಾಕಿದವು. ಮನೆಯ ನೆಲಮಾಳಿಗೆಯೇ ಕ್ಲಬ್ ಆಯಿತು. ಅವರ ಮಕ್ಕಳ ಕಾಲಕ್ಕೆ ಡಬ್ಬಿನ ಪ್ರತಿಧ್ವನಿ ಕಲೆಯೊಳಗೂ ಬಂತು. ಇಂಗ್ಲೆಂಡಿನ 1985ರ ಗಲಭೆಗಳ ಬಗ್ಗೆ ಬ್ಲ್ಯಾಕ್ ಆಡಿಯೋ ಫಿಲ್ಮ್ ಕಲೆಕ್ಟಿವ್ ಅನ್ನುವ ಕಪ್ಪು ಕಲಾವಿದರ ತಂಡ ಮಾಡಿದ 'ಹ್ಯಾಂಡ್ಸ್‌ವರ್ತ್ ಸಾಂಗ್ಸ್' ಸಿನಿಮಾ ನೋಡಿ. ಅದಕ್ಕೆ ಸದ್ದು ಕಟ್ಟಿದ ಟ್ರೆವರ್ ಮ್ಯಾಥಿಸನ್ ಅವರ ಸದ್ದು ಚಿತ್ರಗಳ ಹಿಂದೆ ಸುಮ್ನೆ ನುಡಿಯುವುದಿಲ್ಲ, ಚಿತ್ರಗಳ ಜೊತೆ ಜಗಳಕ್ಕೇ ನಿಲ್ಲುತ್ತದೆ.

ಒಂದು ಮಾತು. ಡಬ್ಬನ್ನು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಬೇಸೇ ಬರುವುದಿಲ್ಲ. ನಾನು ಒಮ್ಮೆ ಮಾವನ ಬಾಕ್ಸಿಗೆ ಹಾಕಿದ್ದೆ. ಅರ್ಧ ನಿಮಿಷ ಕೇಳಿದರು. "ಹಾಡೋನು ಎಲ್ಲಿ ಹೋದ? ವೈರ್ ಕಟ್ಟಾಗಿದೆಯಾ ನೋಡೋ" ಅಂದರು.