ನಾಯಿಯ ಉಂಡೆಗೆ ಒಣದ್ರಾಕ್ಷಿ ಬೇಡ, ಮುದ್ದೆಯ ಮೇಲೆ ಸಾರೂ ಬೇಡ

ರಾಗಿ, ಬೆಲ್ಲ, ತುಪ್ಪ, ಒಣದ್ರಾಕ್ಷಿ ಸೇರಿಸಿ ನಾಯಿಗೆ ಉಂಡೆ ಕಟ್ಟುತ್ತಿದ್ದೇನೆ, ಎರಡು ಸಲ ಕೊಟ್ಟೆ, ಏನೂ ಆಗಲಿಲ್ಲ, ದಿನವೂ ಕೊಡಬಹುದೇ, ಅಂಗಡಿಯ ಬಿಸ್ಕತ್ತಿಗಿಂತ ಇದೇ ಒಳ್ಳೆಯದಲ್ಲವೇ ಎಂದು ಕೇಳಿದ್ದೀರಿ. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು, ಆದ್ದರಿಂದ ಮೊದಲು ಅದರ ಡಬ್ಬಿಯನ್ನು ನಾಯಿಗೆ ಎಟುಕದಷ್ಟು ಮೇಲಿಡಿ. ಕೊನೆಯ ಉಂಡೆ ಕೊಟ್ಟು ಇನ್ನೂ ಮೂರು ದಿನ ಕಳೆದಿಲ್ಲವಾದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಪಶುವೈದ್ಯರಿಗೆ ಫೋನ್ ಮಾಡಿ, ಆಮೇಲೆ ಬಂದು ಉಳಿದದ್ದನ್ನು ಓದಿ.

‘ಏನೂ ಆಗಲಿಲ್ಲ’ ಎಂಬ ಮಾತನ್ನು ನಾನೂ ನಂಬಿದ್ದೆ. ನಮ್ಮದು ಚಿಕ್ಕಬಳ್ಳಾಪುರದ ಹತ್ತಿರದ ಹಳ್ಳಿ. ಮನೆಯ ಹಿಂದೆಯೇ ಮೈದುನನ ದ್ರಾಕ್ಷಿ ಚಪ್ಪರ, 2013ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದ ಬೆಂಗಳೂರು ಬ್ಲೂ ತಳಿ. ನಮ್ಮ ಚಿನ್ನಿ ನಾಟಿ ನಾಯಿ. ಬಿಸಿಲು ಏರಿದರೆ ಚಪ್ಪರದ ಕೆಳಗೆ ಹೋಗಿ ಮಲಗುತ್ತಿದ್ದಳು, ಉದುರಿದ ಹಣ್ಣು ಬಾಯಿಗೆ ಸಿಕ್ಕರೆ ತಿನ್ನುತ್ತಿದ್ದಳು. ನಾವು ಯಾರೂ ತಡೆಯಲಿಲ್ಲ. ಪ್ರತಿ ಬೆಳೆಯಲ್ಲೂ ತಿಂದಳು, ಪ್ರತಿ ಬೆಳೆಯಲ್ಲೂ ಚೆನ್ನಾಗಿಯೇ ಇದ್ದಳು. ಹೀಗಾಗಿ ದ್ರಾಕ್ಷಿಯಿಂದ ನಾಯಿಗೆ ಕೇಡು ಎಂದು ಯಾರಾದರೂ ಹೇಳಿದ್ದರೂ ನಾನು ಒಪ್ಪುತ್ತಿರಲಿಲ್ಲ. ಕಣ್ಣಾರೆ ಕಂಡದ್ದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕೇ ಎನ್ನುತ್ತಿದ್ದೆ.

ಚಿನ್ನಿ ಮರಿ ಹಾಕಿದಳು. ಮರಿಗಳು ಹಾಲು ಕುಡಿದು ಗುಂಡಗಾದಂತೆ ಇವಳು ಬಡಕಲಾದಳು, ಪಕ್ಕೆಲುಬು ಎಣಿಸಬಹುದಿತ್ತು. ಮನೆಯಲ್ಲಿ ಹೆಣ್ಣುಮಗಳು ಹೆತ್ತರೆ ನಾವು ಏನು ಮಾಡುತ್ತೇವೆ? ಅಂಟು, ಕೊಬ್ಬರಿ, ಬೆಲ್ಲ, ತುಪ್ಪ, ಒಣಹಣ್ಣು ಸೇರಿಸಿ ಉಂಡೆ ಕಟ್ಟುತ್ತೇವೆ. ನನ್ನ ಬಾಣಂತನದಲ್ಲಿ ನಾನು ಚೇತರಿಸಿಕೊಂಡದ್ದು ಅದರಿಂದಲೇ ಎಂಬ ನಂಬಿಕೆ ಇತ್ತು. ಇವಳೂ ಬಾಣಂತಿಯಲ್ಲವೇ ಎಂದು ರಾಗಿ ಹುರಿಹಿಟ್ಟಿಗೆ ಬೆಲ್ಲ, ತುಪ್ಪ ಬೆರೆಸಿ, ಒಣದ್ರಾಕ್ಷಿ ಹಾಕಿ ಕೊಟ್ಟೆ. ಆಸೆಯಿಂದ ತಿಂದಳು, ಏನೂ ಆಗಲಿಲ್ಲ. ಮುಂದಿನ ಸಲ ಕಪ್ಪು ಒಣದ್ರಾಕ್ಷಿಯನ್ನು ಧಾರಾಳವಾಗಿ ಹಾಕಿದೆ, ರಕ್ತ ಹೆಚ್ಚಲಿ ಎಂದು.

ಅಂದು ಸಂಜೆಯೇ ವಾಂತಿ ಮಾಡಿಕೊಂಡಳು. ಸೆಗಣಿ ಸಾರಿಸಿದ ನೆಲದ ಮೇಲೆ ಆ ದ್ರಾಕ್ಷಿಗಳು ಬಿದ್ದಿದ್ದವು. ನೀರು ಕುಡಿದು ಉಬ್ಬಿ ಮತ್ತೆ ಹಣ್ಣಿನಂತಾಗಿದ್ದವು, ಒಂದರ ಸಿಪ್ಪೆಯೂ ಒಡೆದಿರಲಿಲ್ಲ. ಜೀರ್ಣವಾಗಲಿಲ್ಲ, ಹೊರಗೆ ಬಂತು, ಒಳ್ಳೆಯದಾಯಿತು ಎಂದುಕೊಂಡು ನೆಲ ಸಾರಿಸಿ ಮಜ್ಜಿಗೆ ಕುಡಿಸಿದೆ. ಆ ಹೊತ್ತಿಗೇ ಡಾಕ್ಟರ ಬಳಿ ಹೋಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಹೋಗದೆ ಇದ್ದದ್ದಕ್ಕೂ ಕಾರಣ ಅದೇ ಚಪ್ಪರದ ಹಣ್ಣು. ದ್ರಾಕ್ಷಿಯ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಬಿಸಿಲನ್ನು ಅನುಮಾನಿಸಿದೆ, ತುಪ್ಪವನ್ನು ಅನುಮಾನಿಸಿದೆ, ಗರಿಕೆ ತಿಂದಿರಬೇಕು ಎಂದುಕೊಂಡೆ. ಮರುದಿನ ಅವಳು ನಲ್ಲಿಯ ಪಕ್ಕದ ಒದ್ದೆ ಮಣ್ಣಿನಲ್ಲಿ ಮಲಗಿದವಳು ಏಳಲಿಲ್ಲ. ಮರಿಗಳು ಬಂದು ಮೊಲೆಗೆ ಬಾಯಿ ಹಾಕಿದರೂ ತಲೆ ಎತ್ತಲಿಲ್ಲ. “ಬೆಳಗಿನಿಂದ ಇದು ಉಚ್ಚೆಯನ್ನೇ ಹೊಯ್ದಿಲ್ಲವಲ್ಲಮ್ಮಾ” ಎಂದು ನಮ್ಮ ಅತ್ತೆ ಹೇಳಿದ ಮೇಲೆಯೇ ಆಟೋ ಕರೆಸಿದ್ದು.

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಕೆಟ್ಟರೆ ರಕ್ತದಲ್ಲಿ ಏರುವ ಕಸ, ಐದನ್ನು ದಾಟಿತ್ತು. ಆರೋಗ್ಯವಂತ ನಾಯಿಯಲ್ಲಿ ಅದು ಸಾಮಾನ್ಯವಾಗಿ ಒಂದೂವರೆಯ ಆಸುಪಾಸನ್ನು ಮೀರುವುದಿಲ್ಲ. ಏನು ತಿಂದಿತು ಎಂದು ಡಾಕ್ಟರು ಕೇಳಿದಾಗ ಉಂಡೆಯ ಸಾಮಾನನ್ನೆಲ್ಲ ಒಂದೊಂದಾಗಿ ಹೇಳಿದೆ. ಒಣದ್ರಾಕ್ಷಿ ಎಂದೊಡನೆ “ಎಷ್ಟು?” ಎಂದರು. ಅಳತೆ ಮಾಡಿ ಹಾಕಿದ್ದರಲ್ಲವೇ ಹೇಳುವುದು? ಅಲ್ಲಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆವು. ಇದಕ್ಕೆ ಪ್ರತಿವಿಷ ಎಂಬುದಿಲ್ಲ. ತಿಂದು ಒಂದೆರಡು ಗಂಟೆಯೊಳಗೆ ಕರೆತಂದರೆ ಔಷಧ ಕೊಟ್ಟು ವಾಂತಿ ಮಾಡಿಸುತ್ತಾರೆ. ಆ ಹೊತ್ತು ಮೀರಿದರೆ ಡ್ರಿಪ್ ಹಾಕಿ, ಮೂತ್ರ ಬರುವಂತೆ ನೋಡಿಕೊಂಡು, ಮೂತ್ರಪಿಂಡ ತಾನಾಗಿ ಚೇತರಿಸಿಕೊಳ್ಳಲಿ ಎಂದು ಕಾಯಬೇಕು. ಚಿನ್ನಿ ಬದುಕಿದಳು. ಆದರೆ ಮೂತ್ರಪಿಂಡ ಮೊದಲಿನಂತಾಗಲಿಲ್ಲ. ಆಮೇಲೆ ಅವಳು ಬದುಕಿದ್ದಷ್ಟು ಕಾಲವೂ ಪಥ್ಯ, ಮಾತ್ರೆ, ರಕ್ತ ಪರೀಕ್ಷೆ. ಪ್ರಾಣದಂತೆ ತಿನ್ನುತ್ತಿದ್ದ ಈಲಿಯನ್ನು ಮತ್ತೆ ಅವಳ ತಟ್ಟೆಗೆ ಹಾಕಲಾಗಲಿಲ್ಲ. ಮರಿಗಳನ್ನು ನಾವೇ ಕೈಯಾರೆ ಸಾಕಿದೆವು.

ಚಪ್ಪರದ ಕೆಳಗೆ ತಿಂದಾಗ ಆಗದ್ದು ಉಂಡೆ ತಿಂದಾಗ ಹೇಗಾಯಿತು ಎಂಬುದು ನನ್ನನ್ನು ಬಹಳ ಕಾಲ ಕಾಡಿತು. ನಿಮಗೂ ಇದೇ ಮುಖ್ಯ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂಬುದು ವೈದ್ಯರಿಗೆ ಮೊದಲೇ ಗೊತ್ತಿತ್ತು, ಅದರೊಳಗಿನ ಯಾವ ಅಂಶ ಎಂಬುದು ಗೊತ್ತಿರಲಿಲ್ಲ. ಅಮೆರಿಕದ ಎಎಸ್‌ಪಿಸಿಎ ಸಂಸ್ಥೆಯ ಪ್ರಾಣಿ ವಿಷ ನಿಯಂತ್ರಣ ಕೇಂದ್ರದ ವೈದ್ಯರು ಮಕ್ಕಳ ಆಟಕ್ಕೆಂದು ಮನೆಯಲ್ಲಿ ಕಲಸಿದ ಹಿಟ್ಟನ್ನು ತಿಂದ ನಾಯಿಯಲ್ಲೂ ಇದೇ ಬಗೆಯ ತೊಂದರೆ ಕಂಡರು. ಆ ಹಿಟ್ಟಿನಲ್ಲಿ ಕ್ರೀಮ್ ಆಫ್ ಟಾರ್ಟರ್ ಇತ್ತು. ಅದು ಟಾರ್ಟಾರಿಕ್ ಆಮ್ಲದ ಲವಣ, ದ್ರಾಕ್ಷಿಯಲ್ಲೂ ಇರುವುದು ಅದೇ ಆಮ್ಲ. 2021ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ ವೈದ್ಯರ ಬೆರಳು ಆ ಆಮ್ಲದ ಕಡೆಗೇ ತಿರುಗಿದೆ. ದ್ರಾಕ್ಷಿಯ ತಳಿ, ಹಣ್ಣು ಬಲಿತ ಹದ, ಬೆಳೆದ ಜಾಗಕ್ಕೆ ತಕ್ಕಂತೆ ಈ ಆಮ್ಲ ಏರುಪೇರಾಗುತ್ತದೆ. ಒಂದು ಗೊಂಚಲಿನಿಂದ ಏನೂ ಆಗದೆ ಇನ್ನೊಂದರಿಂದ ಪ್ರಾಣಕ್ಕೇ ಬರುವುದು ಇದರಿಂದಲೇ ಇರಬಹುದು. ಅದರ ಮೇಲೆ, ನಾಲ್ಕು ಕಿಲೋ ಆಸುಪಾಸಿನ ಹಣ್ಣು ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ನೀರು ಹೋಗುತ್ತದೆ, ಆಮ್ಲ ಉಳಿಯುತ್ತದೆ. ಚಪ್ಪರದ ಕೆಳಗೆ ಚಿನ್ನಿ ತಿಂದದ್ದು ಅಲ್ಲೊಂದು ಇಲ್ಲೊಂದು ಹಣ್ಣು. ಉಂಡೆಯಲ್ಲಿ ನಾನು ಕೊಟ್ಟದ್ದು ಗೊಂಚಲುಗಟ್ಟಲೆ. ತೊಳೆದರೂ ನೆನೆಸಿದರೂ ಹುರಿದರೂ ಬೇಯಿಸಿದರೂ ಅದನ್ನು ನಂಬುವಂತಿಲ್ಲ. ಬೀಜವಿಲ್ಲದ್ದು, ಹಸಿರು, ಕಪ್ಪು ಎಂಬ ಭೇದವೂ ಇಲ್ಲ. ಇಷ್ಟು ತೂಕದ ನಾಯಿಗೆ ಇಷ್ಟು ತಿಂದರೆ ತೊಂದರೆಯಿಲ್ಲ ಎಂದು ಹೇಳುವ ಸುರಕ್ಷಿತ ಅಳತೆಯೂ ಇಲ್ಲ.

ಟಾರ್ಟಾರಿಕ್ ಆಮ್ಲ ಎಂದ ಮೇಲೆ ಹುಣಸೆಯ ಮಾತು ಬರಲೇಬೇಕು. ಹುಣಸೆಯ ಹುಳಿಗೆ ಮುಖ್ಯ ಕಾರಣವೇ ಅದು. ಕೋಲಾರ, ತುಮಕೂರು, ನಮ್ಮ ಕಡೆ, ಎಲ್ಲೆಡೆಯೂ ಮನೆಯಲ್ಲಿ ಉಳಿದ ಮುದ್ದೆಯನ್ನು ಸಾರಿನಲ್ಲಿ ಕಲಸಿ ನಾಯಿಗೆ ಹಾಕುವುದು ವಾಡಿಕೆ. ಬಸ್ಸಾರಿನಲ್ಲಿ ಹುಣಸೆಹಣ್ಣೂ ಇದೆ, ಈರುಳ್ಳಿ ಬೆಳ್ಳುಳ್ಳಿಯೂ ಇವೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ, ಲಕ್ಷಣ ಕಾಣಿಸುವುದೂ ಕೆಲವು ದಿನಗಳ ನಂತರ. ಮುದ್ದೆ ಹಾಕಿ, ಸಾರು ಹಾಕಬೇಡಿ. ಪುಳಿಯೋಗರೆ, ಹುಣಸೆ ಚಿತ್ರಾನ್ನ ಉಳಿದರೆ ಅದೂ ನಾಯಿಗಲ್ಲ. ತಲೆಮಾರುಗಳಿಂದ ಹಾಕುತ್ತಿದ್ದೇವಲ್ಲ, ಏನೂ ಆಗಿಲ್ಲವಲ್ಲ ಎಂದು ನಮ್ಮ ಓಣಿಯಲ್ಲಿ ಈಗಲೂ ವಾದಿಸುವವರಿದ್ದಾರೆ. ಸೊರಗಿ ಸತ್ತ ಬೀದಿನಾಯಿಗಳ ರಕ್ತ ಪರೀಕ್ಷೆಯನ್ನು ಯಾರೂ ಮಾಡಿಸಿಲ್ಲ ಎಂದಷ್ಟೇ ಅವರಿಗೆ ಹೇಳುತ್ತೇನೆ.

ಇನ್ನು ನಿಮ್ಮ ಪ್ರಶ್ನೆಯ ಬುಡಕ್ಕೇ ಬರುತ್ತೇನೆ. ಮನೆಯಲ್ಲಿ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಅದು ಆರೋಗ್ಯಕರವಾಗುವುದಿಲ್ಲ. ನಮಗೆ ಒಳ್ಳೆಯದಾದದ್ದು ನಾಯಿಗೂ ಒಳ್ಳೆಯದು ಎಂಬುದನ್ನು ನಾನು ಒಪ್ಪುವುದೇ ಇಲ್ಲ. ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು ಎಂಬ ಲೆಕ್ಕ ನಮ್ಮ ಅಡುಗೆಮನೆಯದು, ನಾಯಿಯ ದೇಹಕ್ಕೆ ಎರಡೂ ಬೇಡದ ಸಿಹಿ. ತುಪ್ಪ ಹೆಚ್ಚಾದರೆ ಕೆಲವು ನಾಯಿಗಳಲ್ಲಿ ಮೇದೋಜ್ಜೀರಕ ಗ್ರಂಥಿ ಊದಿಕೊಂಡು ಆಸ್ಪತ್ರೆ ಸೇರುವಂತಾಗುತ್ತದೆ. ನಾಯಿಗೆಂದು ತಯಾರಾದ ಅಂಗಡಿಯ ಬಿಸ್ಕತ್ತು, ಚೀಟಿ ನೋಡಿ ಕೊಂಡರೆ, ನಿಮ್ಮ ಈಗಿನ ಉಂಡೆಗಿಂತ ಎಷ್ಟೋ ಸುರಕ್ಷಿತ. ತಿಂಡಿಯಿಂದ ಸಿಗುವ ಶಕ್ತಿ ದಿನದ ಒಟ್ಟು ಆಹಾರದ ಶೇ. 10 ಮೀರಬಾರದು ಎಂದು ಪಶುವೈದ್ಯರು ಹೇಳುತ್ತಾರೆ. ಹತ್ತು ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕಾದರೆ ತಿಂಡಿಯ ಪಾಲು 60. ಬೆಲ್ಲ ತುಪ್ಪದ ಒಂದು ಉಂಡೆ ಅದನ್ನು ಸುಲಭವಾಗಿ ದಾಟಿಬಿಡುತ್ತದೆ.

ರಾಗಿಯನ್ನು ಮಾತ್ರ ಬಿಡಬೇಡಿ. ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಧಾನ್ಯ, ಚೆನ್ನಾಗಿ ಬೆಂದರೆ ನಾಯಿಗೆ ಒಗ್ಗುತ್ತದೆ. ಚಿನ್ನಿಯ ಮರಿಗಳಲ್ಲಿ ಒಂದನ್ನು, ಕರಿಯನನ್ನು, ನಾವೇ ಇಟ್ಟುಕೊಂಡೆವು. ಅವನಿಗೆ ಮಾಡುವುದನ್ನು ಹೇಳುತ್ತೇನೆ. ಒಂದು ಲೋಟ ರಾಗಿ ಹಿಟ್ಟು, ಅದರ ಅರ್ಧದಷ್ಟು ಬೇಯಿಸಿ ಹಿಸುಕಿದ ಸಿಹಿಗುಂಬಳ ಅಥವಾ ಗೆಣಸು, ಒಂದು ಮೊಟ್ಟೆ, ಉಪ್ಪು ಹಾಕದೆ ಬೇಯಿಸಿ ಎಳೆಎಳೆಯಾಗಿ ಬಿಡಿಸಿದ ಒಂದು ಹಿಡಿ ಕೋಳಿ ಮಾಂಸ, ಎಲುಬು ಒಂದು ಚೂರೂ ಇರಬಾರದು. ಕೋಳಿ ಬೇಯಿಸಿದ ನೀರನ್ನೇ ಚಿಮುಕಿಸಿ, ಚಮಚದಿಂದ ಎತ್ತಿದರೆ ನಿಧಾನವಾಗಿ ಜಾರುವ ಹದಕ್ಕೆ ಕಲಸುತ್ತೇನೆ. ಓವನ್ ನಮ್ಮಲ್ಲಿಲ್ಲ, ಬೇಕಾಗಿಯೂ ಇಲ್ಲ. ಇಡ್ಲಿ ತಟ್ಟೆಗೆ ತೆಳ್ಳಗೆ ಹಾಕಿ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿದರೆ ಸಾಕು. ಹಸಿ ವಾಸನೆ ಹೋಗಿ, ಕಡ್ಡಿ ಚುಚ್ಚಿದರೆ ಅಂಟದಂತಿರಬೇಕು. ಪೂರ್ತಿ ಆರಿದ ಮೇಲೆ ಕಡಲೆಕಾಳಿನಷ್ಟು ಚೂರುಗಳಾಗಿ ಕತ್ತರಿಸಿ ಫ್ರಿಜ್‌ನಲ್ಲಿಡಿ. ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ, ಹೆಚ್ಚಾದದ್ದನ್ನು ಫ್ರೀಜರಿನಲ್ಲಿಟ್ಟು ಬೇಕಾದಷ್ಟೇ ತೆಗೆಯಿರಿ. ಕರೆದರೆ ಬರುವುದನ್ನು, ಕೂತುಕೊಳ್ಳುವುದನ್ನು ಕಲಿಸಲು ಇದಕ್ಕಿಂತ ದೊಡ್ಡ ತುಂಡು ಬೇಕಿಲ್ಲ. ನಾಯಿ ಎಷ್ಟು ಸಲ ಸಿಕ್ಕಿತು ಎಂದು ನೋಡುತ್ತದೆಯೇ ಹೊರತು ಎಷ್ಟು ದೊಡ್ಡದು ಎಂದಲ್ಲ.

ಅಷ್ಟು ಮಾಡುವ ಪುರುಸೊತ್ತು ಇಲ್ಲದ ದಿನ ಕ್ಯಾರೆಟ್, ಸೌತೆಕಾಯಿ, ಬೇಯಿಸಿದ ಹುರುಳಿಕಾಯಿ ಕೊಡಿ. ಕಡಲೆಕಾಯಿಯನ್ನು ಉಪ್ಪಿಲ್ಲದೆ ಹುರಿದು ನಾಲ್ಕು ಬೀಜ ಕೊಡಬಹುದು. ಆದರೆ ಮುರುಟಿದ್ದು, ಬೂಷ್ಟು ಹಿಡಿದದ್ದನ್ನು ಪ್ರಾಣಿಗಳಿಗಿರಲಿ ಎಂದು ಎತ್ತಿಡುವ ಅಭ್ಯಾಸ ಬಿಡಿ, ಅದರಲ್ಲಿ ಬೆಳೆಯುವ ಶಿಲೀಂಧ್ರದ ಅಫ್ಲಾಟಾಕ್ಸಿನ್ ನಾಯಿಯ ಯಕೃತ್ತನ್ನು ಹಾಳುಮಾಡುತ್ತದೆ. ಪೀನಟ್ ಬಟರ್ ಡಬ್ಬಿ ತರುವುದಾದರೆ ಚೀಟಿಯಲ್ಲಿ ಕ್ಸೈಲಿಟಾಲ್ (ಸಕ್ಕರೆಯ ಬದಲು ಹಾಕುವ ಸಿಹಿ) ಎಂದಿದೆಯೇ ನೋಡಿ, ಇದ್ದರೆ ನಾಯಿಗೆ ಬೇಡ. ಅದು ನಾಯಿಯ ರಕ್ತದ ಸಕ್ಕರೆಯನ್ನು ಒಂದು ಗಂಟೆಯೊಳಗೇ ಪಾತಾಳಕ್ಕೆ ಇಳಿಸಬಲ್ಲದು.

ಫೋನ್ ಮಾಡಿದಾಗ ಡಾಕ್ಟರು ಮೂರು ವಿಷಯ ಕೇಳುತ್ತಾರೆ: ಎಷ್ಟು ತಿಂದಿತು, ಎಷ್ಟು ಹೊತ್ತಿಗೆ ತಿಂದಿತು, ನಾಯಿಯ ತೂಕ ಎಷ್ಟು. ತೂಕ ಗೊತ್ತಿಲ್ಲದಿದ್ದರೆ ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ನಿಮ್ಮ ತೂಕವನ್ನು ಕಳೆಯಿರಿ. ಉಪ್ಪುನೀರು ಕುಡಿಸಿ ಮನೆಯಲ್ಲೇ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ಪ್ರಾಣಕ್ಕೆ ಎರವಾಗಬಹುದು. ನಿಮ್ಮ ನಾಯಿಯ ವಯಸ್ಸನ್ನಾಗಲಿ ತೂಕವನ್ನಾಗಲಿ ನೀವು ಬರೆದಿಲ್ಲ. ಕೆಳಗೆ ತಿಳಿಸಿದರೆ ದಿನಕ್ಕೆ ಎಷ್ಟು ಚೂರು ಕೊಡಬಹುದೆಂದು ಲೆಕ್ಕ ಹಾಕಿ ಹೇಳುತ್ತೇನೆ.