ರೋಗದ ಹೆಸರಲ್ಲಿ ಹತ್ತು ಗಂಟೆ ದುಡಿಸಬಹುದೇ?

ಪ್ರಶ್ನೆ: ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್ ಆಗಿದ್ದೇನೆ. 2020ರಲ್ಲಿ ಲಾಕ್‌ಡೌನ್ ಸಡಿಲವಾಗಿ ಫ್ಯಾಕ್ಟರಿ ತೆರೆದಾಗ ‘ಸರ್ಕಾರದ ಆದೇಶ ಬಂದಿದೆ, ಇನ್ಮೇಲೆ ಹತ್ತು ಗಂಟೆ ಕೆಲಸ’ ಎಂದರು. ಬಸ್ಸಿಲ್ಲ, ಮನೆಯಲ್ಲಿ ಚಿಕ್ಕ ಮಗು. ಆದರೂ ಕೂತು ಹೊಲಿದೆವು. ಆ ತಿಂಗಳ ಪೇ ಸ್ಲಿಪ್ ಇಟ್ಟುಕೊಂಡಿದ್ದೇನೆ, ಓಟಿ ಜಾಗದಲ್ಲಿ ಸೊನ್ನೆ ಇದೆ. ರೋಗ ಬಂದರೆ ನಮಗೆ ಹಕ್ಕೇ ಇರುವುದಿಲ್ಲವೇ? ಮತ್ತೆ ಹಾಗೇ ಆದರೆ ಏನು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇರುತ್ತದಮ್ಮ. ಆಗಲೂ ಇತ್ತು. ಅದನ್ನು ನಿಮಗೆ ಯಾರೂ ಹೇಳಲಿಲ್ಲ, ಅಷ್ಟೆ.

ಹಕ್ಕುಗಳನ್ನು ಅಮಾನತಿನಲ್ಲಿ ಇಡಬೇಕೆಂದರೆ ಮೊದಲು ತುರ್ತು ಪರಿಸ್ಥಿತಿ ಘೋಷಣೆಯಾಗಬೇಕು; 2020ರಲ್ಲಿ ದೇಶದಲ್ಲಿ ಅದು ಆಗಿರಲೇ ಇಲ್ಲ. ಸಂವಿಧಾನದ 352ನೇ ವಿಧಿಯಲ್ಲಿ ಅದಕ್ಕೆ ಇರುವ ಕಾರಣಗಳು ಮೂರೇ: ಯುದ್ಧ, ಹೊರಗಿನವರ ಆಕ್ರಮಣ, ಸಶಸ್ತ್ರ ದಂಗೆ. ಘೋಷಣೆಯಾದರೂ ಜೀವದ ಹಕ್ಕನ್ನು ಅಮಾನತಿನಲ್ಲಿ ಇಡುವಂತಿಲ್ಲ ಎಂದು 1978ರ 44ನೇ ತಿದ್ದುಪಡಿ ಕಟ್ಟಿಹಾಕಿದೆ. ಲಾಕ್‌ಡೌನ್ ನಡೆದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆ ಮತ್ತು ಪ್ಲೇಗ್ ಕಾಲದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಹಿಡಿದು. ಏಪ್ರಿಲ್‌ನಲ್ಲಿ ನಮ್ಮ ರಾಜ್ಯವೂ ಒಂದು ಸುಗ್ರೀವಾಜ್ಞೆ ತಂದಿತು.

ಹತ್ತು ಗಂಟೆಯ ಆದೇಶ ಬಂದದ್ದು ಮಾತ್ರ ಬೇರೆ ದಾರಿಯಲ್ಲಿ. ಆಗಿನ 1948ರ ಕಾರ್ಖಾನೆ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ. ಮೀರಿದರೆ ದುಪ್ಪಟ್ಟು ಕೂಲಿ, ಅದೇ ಓಟಿ. ಅದರ 5ನೇ ಸೆಕ್ಷನ್ ‘ಸಾರ್ವಜನಿಕ ತುರ್ತುಸ್ಥಿತಿ’ಯಲ್ಲಿ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತ್ತು. ಅದನ್ನೇ ಹಿಡಿದು ಮೇ 22ರಂದು ಕರ್ನಾಟಕ ಸರ್ಕಾರ ದಿನಕ್ಕೆ 10, ವಾರಕ್ಕೆ 60 ಗಂಟೆ ಎಂದು ಅಧಿಸೂಚನೆ ಹೊರಡಿಸಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಜೂನ್‌ನಲ್ಲಿ ಸರ್ಕಾರವೇ ಅದನ್ನು ವಾಪಸ್ ಪಡೆಯಿತು. ಈ ಸುದ್ದಿ ನಿಮ್ಮ ಮಷೀನಿನ ಸಾಲಿನವರೆಗೆ ಬರಲೇ ಇಲ್ಲ ಎಂಬುದು ನನಗೆ ಇಂದಿಗೂ ಸಂಕಟದ ವಿಷಯ.

ಗುಜರಾತ್ ಇನ್ನೂ ಮುಂದೆ ಹೋಗಿತ್ತು: 12 ಗಂಟೆ ದುಡಿತ, ಹೆಚ್ಚುವರಿ ಗಂಟೆಗೂ ಮಾಮೂಲಿ ಕೂಲಿ. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 5ನೇ ಸೆಕ್ಷನ್‌ನ ತುರ್ತುಸ್ಥಿತಿ ಎಂದರೆ ಯುದ್ಧ, ಆಕ್ರಮಣ ಇಲ್ಲವೇ ಆಂತರಿಕ ಗಲಭೆಯಿಂದ ದೇಶದ ಭದ್ರತೆಗೇ ಕುತ್ತು ಬರುವ ಸ್ಥಿತಿ. ಸಾಂಕ್ರಾಮಿಕದಿಂದ ವ್ಯಾಪಾರ ಕುಸಿದದ್ದು ಆ ಲೆಕ್ಕಕ್ಕೆ ಬರುವುದಿಲ್ಲ ಎಂದಿತು. ಬಾಕಿ ಓಟಿಯನ್ನು ಕೊಡಿಸಿತು ಕೂಡ. ರೋಗದ ಭಾರವನ್ನೆಲ್ಲ ಹೊಲಿಯುವವರ ಬೆನ್ನಿಗೇ ಹೊರಿಸುವುದು ಅನ್ಯಾಯ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ರೋಗ ತಡೆಯಲು ಕಟ್ಟುಪಾಡು ಬೇಕೇ ಬೇಕು; ಮಾಸ್ಕ್ ಹಾಕಿ, ದೂರ ಕೂರಿ ಎಂದರೆ ಪಾಲಿಸೋಣ. ಆದರೆ ದಣಿದವರನ್ನು ಒಂದೇ ಸೂರಿನಡಿ ಇನ್ನೂ ಹೆಚ್ಚು ಹೊತ್ತು ಕೂರಿಸಿದರೆ ರೋಗ ಕಡಿಮೆಯಾಗುವುದು ಹೇಗೆ? ಖಾಸಗಿತನದ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2017ರ ಪುಟ್ಟಸ್ವಾಮಿ ತೀರ್ಪು ಕೇಳುವುದೂ ಇದನ್ನೇ: ಹಕ್ಕಿಗೆ ಕೈಹಾಕುವ ಕ್ರಮಕ್ಕೆ ಕಾನೂನಿನ ಆಧಾರವಿದೆಯೇ, ಅದರಿಂದ ಉದ್ದೇಶ ಈಡೇರುತ್ತದೆಯೇ, ಬೇಕಾದದ್ದಕ್ಕಿಂತ ಹೆಚ್ಚಾಯಿತೇ?

ಮುಂದೆ ಯಾರಾದರೂ ‘ಆದೇಶ ಬಂದಿದೆ’ ಎಂದರೆ ಪ್ರತಿ ತೋರಿಸಿ ಎನ್ನಿ. ಯಾವ ಕಾಯ್ದೆ, ಯಾವ ಸೆಕ್ಷನ್, ಎಲ್ಲಿಯವರೆಗೆ ಜಾರಿ – ಮೂರನ್ನೂ ಬರೆದುಕೊಳ್ಳಿ. ಒಬ್ಬರೇ ಕೇಳಬೇಡಿ, ಸಾಲಿನವರೆಲ್ಲ ಸೇರಿ ಕೇಳಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ಕಾನೂನು ನೆರವು ಸಿಗುತ್ತದೆ. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಿದೆ. ಹೋಗುವಾಗ ಆ ಪೇ ಸ್ಲಿಪ್ ಜೊತೆಗಿರಲಿ.