ಬಯಾನ್ ಗೋಪುರಗಳು ಹಾಗಿದ್ದವಾ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಕಾಂಬೋಡಿಯಾದ ಬಯಾನ್ ಗುಡಿಯ ಹಳೆಯ ಚಿತ್ರ ಹಾಕಿದ್ದೀರಿ. ಹೋದ ವರ್ಷ ಅಲ್ಲಿಗೆ ಹೋಗಿ ಬಂದವನು ನಾನು. ಗೋಪುರಗಳು ಅಷ್ಟು ಪೂರ್ತಿಯಾಗಿ, ಅಷ್ಟು ನೆಟ್ಟಗೆ ಇಲ್ಲವೇ ಇಲ್ಲ. ಆ ಕಾಲಕ್ಕೆ ಕ್ಯಾಮೆರಾ ಬಂದಿತ್ತು ಅಲ್ವಾ? ಫೋಟೋ ಬಿಟ್ಟು ಇಂಥ ಸುಳ್ಳು ಚಿತ್ರ ಯಾಕೆ ಹಾಕಿದಿರಿ?
– ಒಬ್ಬ ಓದುಗ, ಶಿವಮೊಗ್ಗ

ಸಂಪಾದಕರ ಉತ್ತರ:

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಚಿತ್ರದ ಕೆಳಗೆ ‘ಬಯಾನ್, 19ನೇ ಶತಮಾನ’ ಅಂತ ಮಾತ್ರ ಬರೆದಿದ್ದೆವು. ಅದನ್ನು ಓದಿದವರು, ಆಗ ಗುಡಿ ಹಾಗೇ ಇತ್ತು ಅಂದುಕೊಳ್ಳುವುದು ಸಹಜ. ಹಾಗಿರಲಿಲ್ಲ. ಚಿತ್ರ ಬರೆದ ಲೂಯಿ ದೆಲಪೋರ್ತ್ ಕಣ್ಣಿಗೆ ಬಿದ್ದದ್ದು ಕಾಡು ನುಂಗಿದ ಕಲ್ಲಿನ ಗುಡ್ಡೆ. ಕಟ್ಟಿದ ಹೊಸತರಲ್ಲಿ ಗುಡಿ ಹೇಗಿದ್ದಿರಬಹುದು ಅಂತ ಯೋಚಿಸಿ ಬರೆದ ಚಿತ್ರ ಅದು. ಆ ಒಂದು ಮಾತು ನಾವು ಸೇರಿಸಬೇಕಿತ್ತು.

ಆದರೆ ‘ಸುಳ್ಳು’ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

1866ರ ಜೂನ್‌ನಲ್ಲಿ ಫ್ರೆಂಚರ ಒಂದು ತಂಡ ವಿಯೆಟ್ನಾಮಿನ ಸೈಗಾನ್‌ನಿಂದ ಮೆಕಾಂಗ್ ನದಿಯ ದಾರಿ ಹುಡುಕಿಕೊಂಡು ಹೊರಟಿತು. ನಾಯಕ ದುದಾರ್ ದ ಲಾಗ್ರೇ. ದೆಲಪೋರ್ತ್ ಆಗ 24 ವರ್ಷದ ನೌಕಾಪಡೆ ಅಧಿಕಾರಿ, ತಂಡದ ಚಿತ್ರಕಾರ. ಜೊತೆಗೆ ಪಿಟೀಲನ್ನೂ ಹೊತ್ತೊಯ್ದಿದ್ದರಂತೆ. ತಂಡ ಮೊದಲು ಬಯಾನ್ ಇರುವ ಅಂಕೋರ್‌ಗೆ ಹೋಯಿತು. ಆಗ ಅದು ಸಯಾಮಿನ (ಈಗಿನ ಥಾಯ್ಲೆಂಡ್) ಕೈಯಲ್ಲಿತ್ತು. ಎಮಿಲ್ ಗ್ಸೆಲ್ ಎಂಬ ಫೋಟೋಗ್ರಾಫರ್ ಕೂಡ ಅಲ್ಲಿಗೆ ಬಂದಿದ್ದರು. ಅಂದರೆ ನೀವು ಹೇಳಿದ ಕ್ಯಾಮೆರಾ, ಪೆನ್ಸಿಲ್ಲಿನ ಪಕ್ಕದಲ್ಲೇ ಇತ್ತು!

ಆದರೆ ಆಗಿನ ಫೋಟೋ ಕೆಲಸ ಸುಲಭದ್ದಲ್ಲ. ಗಾಜಿನ ಮೇಲೆ ಔಷಧಿ ಬಳಿದು, ಅದು ಒಣಗುವ ಮೊದಲೇ ಫೋಟೋ ತೆಗೆದು ತೊಳೆಯಬೇಕು. ಕತ್ತಲೆಯ ಮೊಗಸಾಲೆಯಲ್ಲಿ ಆ ಕ್ಯಾಮೆರಾಕ್ಕೆ ಹೆಚ್ಚೇನೂ ಕಾಣದು. ಇನ್ನು ಫೋಟೋವನ್ನು ಅಕ್ಷರದ ಜೊತೆ ಶಾಯಿಯಲ್ಲಿ ಅಚ್ಚು ಹಾಕುವುದು ಇನ್ನೂ ರೂಢಿಗೆ ಬಂದಿರಲಿಲ್ಲ. ಧಾರವಾಡ, ಮೈಸೂರು ಸೀಮೆಯ ನಮ್ಮ ಗುಡಿಗಳ ಫೋಟೋ ಪುಸ್ತಕ ಲಂಡನ್ನಿನಲ್ಲಿ ಹೊರಬಂದದ್ದೂ ಅದೇ 1866ರಲ್ಲಿ. ಅದರಲ್ಲಿ ಫೋಟೋಗಳನ್ನು ಒಂದೊಂದಾಗಿ ಹಾಳೆಗೆ ಅಂಟಿಸಿದ್ದಾರೆ. ಮೆಕಾಂಗ್ ಯಾತ್ರೆಯ ಸಂಪುಟಗಳು 1873ರಲ್ಲಿ ಬಂದಾಗ ದೆಲಪೋರ್ತ್ ಚಿತ್ರಗಳು ದೊಡ್ಡ ಹಾಳೆಗಳಲ್ಲಿ ಕಲ್ಲಚ್ಚಾಗಿ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅದರಿಂದ ಅಚ್ಚು ಹಾಕಿ, ಬಂದವು.

ಅಂಥ ಒಂದು ಹಾಳೆಯನ್ನು ಒಮ್ಮೆ ಭೂತಗನ್ನಡಿ ಹಿಡಿದು ನೋಡಿದ್ದೇನೆ. ಈಗಿನ ಅಚ್ಚಿನ ಹಾಗೆ ಸಾಲು ಸಾಲು ಚುಕ್ಕಿ ಇಲ್ಲ. ಮರಳು ಉದುರಿಸಿದ ಹಾಗೆ ಬಣ್ಣದ ಕಡ್ಡಿಯ ಕಾಳು ಕಾಳು ಗುರುತು. ಅದರ ಮೇಲೆ ತೆಳು ಕೆನೆಬಣ್ಣ. ಬಿಸಿಲು ಬಿದ್ದ ಕಡೆ ಮಾತ್ರ ಬಣ್ಣ ಬಿಟ್ಟು ಬರೀ ಕಾಗದ ಕಾಣಿಸುತ್ತದೆ. ಬಾಗಿಲ ಹತ್ತಿರ ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ಮನುಷ್ಯ ನಿಂತಿದ್ದಾನೆ. ಅವನನ್ನು ನೋಡಿದ ಮೇಲೆಯೇ ಗೋಡೆಯ ಎತ್ತರ ನನಗೆ ತಿಳಿದದ್ದು. ಅಂಚಿನಲ್ಲಿ ತುಕ್ಕಿನ ಬಣ್ಣದ ಕಲೆಗಳು. ನಾನು ತುಂಬಾ ಹೊತ್ತು ಆ ಹಾಳೆ ಬಿಟ್ಟು ಏಳಲಿಲ್ಲ.

ದೆಲಪೋರ್ತ್ ಕಂಡದ್ದನ್ನೂ ಬರೆದರು, ಊಹಿಸಿದ್ದನ್ನೂ ಬರೆದರು. ಬೇರು ಸುತ್ತಿದ ಗೋಡೆ, ಬಿದ್ದ ತೊಲೆ ಕಂಡದ್ದು. ತುದಿಯವರೆಗೆ ತುಂಬಿದ ಗೋಪುರ ಊಹೆ. ಆದರೆ ಅದು ಸುಮ್ನೆ ಹುಟ್ಟಿದ ಊಹೆಯಲ್ಲ. ಉಳಿದ ಕಲ್ಲು ನೋಡಿ, ಇಲ್ಲದ ಕಲ್ಲು ಎಲ್ಲಿತ್ತು ಅಂತ ಲೆಕ್ಕ ಹಾಕಿದ್ದು. ಅದರಲ್ಲಿ ತಪ್ಪೂ ಇದೆ. ಆ ಕಾಲದ ಜನ ಬಯಾನ್ ಗೋಪುರಗಳಲ್ಲಿ ಕೆತ್ತಿದ ಮುಖಗಳನ್ನು ಬ್ರಹ್ಮನ ಮುಖ ಅಂದುಕೊಂಡಿದ್ದರು. ಅದು ರಾಜ ಏಳನೆಯ ಜಯವರ್ಮನ್ ಕಟ್ಟಿಸಿದ ಬೌದ್ಧ ಗುಡಿ ಅಂತ ಗೊತ್ತಾಗಿದ್ದು 1920ರ ದಶಕದಲ್ಲಿ. ಆ ಚಿತ್ರ ಒಂದು ಕಾಲದ ತಿಳಿವಳಿಕೆಯ ದಾಖಲೆ. ನಾನು ಅದನ್ನು ಬೆಲೆಯುಳ್ಳದ್ದು ಅನ್ನುವುದು ಅದಕ್ಕೇ.

ಇನ್ನೊಂದು ಮಾತು ಮುಚ್ಚಿಡಲಾರೆ. 1873ರಲ್ಲಿ ಮತ್ತೆ ಬಂದ ದೆಲಪೋರ್ತ್ ಸುಮಾರು 70 ಶಿಲ್ಪಗಳನ್ನು ಫ್ರಾನ್ಸಿಗೆ ಸಾಗಿಸಿದರು. ಕೊಂಪೊಂಗ್ ಸ್ವಾಯ್‌ನ ಪ್ರೇಹ್ ಖಾನ್ ಗುಡಿಯಲ್ಲಿ ಆಳುಗಳು ಕೆಸರಿನಲ್ಲಿ ಕಲ್ಲಿನ ಮೂರ್ತಿ ಎಳೆಯುವ ಚಿತ್ರವನ್ನೂ ಅವರೇ ಬರೆದಿದ್ದಾರೆ. ಪ್ಯಾರಿಸಿನ ಲೂವ್ರ್ ಮ್ಯೂಸಿಯಂ ಆ ಶಿಲ್ಪಗಳನ್ನು ಬೇಡವೆಂದಿತು, ಕಾಂಪಿಯೆನ್ ಅರಮನೆಯಲ್ಲಿಟ್ಟರು. ಪ್ರೀತಿಯಿಂದಲೇ ಒಯ್ದರು ಅಂತ ನಾನು ನಂಬುತ್ತೇನೆ. ಆದರೂ ಆ ಚಿತ್ರ ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವರು ಗೋಡೆಯ ಕೆತ್ತನೆಗಳಿಗೆ ತೆಗೆಸಿದ ಪ್ಲಾಸ್ಟರ್ ಅಚ್ಚುಗಳು ಮಾತ್ರ ಬೇರೆ. ಕಲ್ಲು ಅಲ್ಲೇ ಉಳಿಯಿತು, ನಕಲು ಹೋಯಿತು. ಅವು ಫ್ರಾನ್ಸಿನ ಒಂದು ಹಳೆಯ ಮಠದಲ್ಲಿ ವರ್ಷಗಟ್ಟಲೆ ತೇವದಲ್ಲಿ ಬಿದ್ದಿದ್ದವು. ರಿಪೇರಿ ಮಾಡಿ 2013ರಲ್ಲಿ ಪ್ಯಾರಿಸಿನ ಗಿಮೆ ಮ್ಯೂಸಿಯಂನಲ್ಲಿ ತೋರಿಸಿದರು. ಈಗ ಸವೆದುಹೋದ ಎಷ್ಟೋ ಗೆರೆ ಆ ನಕಲಿನಲ್ಲಿ ಉಳಿದಿವೆ.

ನೀವು ಹೋದ ವರ್ಷ ತೆಗೆದ ಬಯಾನ್ ಫೋಟೋ ಇದ್ದರೆ ದಯವಿಟ್ಟು ಕಳಿಸಿ. ಮುಂದಿನ ಸಂಚಿಕೆಯಲ್ಲಿ ದೆಲಪೋರ್ತ್ ಚಿತ್ರದ ಪಕ್ಕದಲ್ಲೇ ಹಾಕುತ್ತೇವೆ. ಈ ಸಲ ಒಂದರ ಕೆಳಗೆ ‘ಕಂಡದ್ದು’, ಇನ್ನೊಂದರ ಕೆಳಗೆ ‘ಊಹಿಸಿದ್ದು’ ಅಂತ ಸರಿಯಾಗಿ ಬರೆಯುತ್ತೇವೆ.